ಬೆಕ್ಕಮ್ಮನ ಗಂಟಲು

ಆ ಹುಡುಗಿಗೆ ಬೆಕ್ಕಮ್ಮ ಅಂತ ಹೆಸರಿಟ್ಟವಳು ನಾನೇ. ಶಾಲೆ ಅರ್ಧಕ್ಕೆ ಬಿಟ್ಟ ಬಡವರ ಮನೆ ಮಕ್ಕಳಿಗೆ ಹೋಟೆಲ್ ಕೆಲಸ ಕಲಿಸುವ ಕೇಂದ್ರ ನಮ್ಮದು. ಬಡಿಸುವುದನ್ನು ಕಲಿಸುವವಳು ನಾನು. ತಟ್ಟೆಯನ್ನು ಸದ್ದಿಲ್ಲದೆ ಇಡಿ ಅಂತ ಉಳಿದವರಿಗೆ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಗುತ್ತದೆ. ಇವಳ ವಿಷಯದಲ್ಲಿ ಎಲ್ಲ ತಿರುಗಾಮುರುಗಾ. ಬಾಗಿಲು ತೆರೆದದ್ದು ಗೊತ್ತಾಗುತ್ತಿರಲಿಲ್ಲ, ಕುರ್ಚಿ ಎಳೆದದ್ದು ಕೇಳಿಸುತ್ತಿರಲಿಲ್ಲ. ತಿರುಗಿ ನೋಡಿದರೆ ಪಕ್ಕದಲ್ಲೇ ನಿಂತಿರುತ್ತಿದ್ದಳು. ನನ್ನ ಎದೆ ಧಸಕ್ಕೆನ್ನುತ್ತಿತ್ತು.

“ಒಂದ್ಸಲ ಕೆಮ್ಮೇ ತಾಯಿ! ನನ್ನನ್ನ ಆಸ್ಪತ್ರೆಗೆ ಸೇರಿಸ್ಬೇಕು ಅಂತಿದ್ದೀಯಾ?”

“ಅಭ್ಯಾಸ ಆಗ್ಬಿಟ್ಟಿದೆ ಮೇಡಂ,” ಎಂದು ಪಿಸುಗುಟ್ಟಿದಳು.

ಅವಳ ಅಪ್ಪ ರಾತ್ರಿ ಪಾಳಿಯ ಕಾವಲುಗಾರ. ಇರುವುದು ಒಂದೇ ಕೋಣೆ. ಹಗಲೆಲ್ಲ ಅವನು ಮಲಗಿದರೆ ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಸಂಸಾರ ನಡೆಸುತ್ತಾಳೆ. ಅವನ ಊಟವನ್ನು ಮುಚ್ಚಿಟ್ಟಿರುತ್ತಾರೆ. ಎದ್ದಾಗ ತಣ್ಣಗಾದದ್ದನ್ನೇ ತಿಂದು ಮತ್ತೆ ಕೆಲಸಕ್ಕೆ ಹೊರಡುತ್ತಾನೆ. ಅವನನ್ನು ಎಬ್ಬಿಸುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇಲ್ಲ.

“ನೀವು ಅಕ್ಕತಂಗಿಯರು ಜಗಳಾನೂ ಆಡಲ್ವಾ?”

“ಕಣ್ಣಲ್ಲೇ ಆಡ್ತೀವಿ ಮೇಡಂ.”

ನಮ್ಮ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಹೋಟೆಲಿನ ಮ್ಯಾನೇಜರ್ ಒಮ್ಮೆ ನೋಡಲು ಬಂದರು. ಇವಳು ಅವರ ಬೆನ್ನ ಹಿಂದೆ ಪ್ರತ್ಯಕ್ಷಳಾದಳು. ಅವರ ಕೈಲಿದ್ದ ಕಾಫಿಯೆಲ್ಲ ಬಿಳಿ ಅಂಗಿಯ ಪಾಲಾಯಿತು. “ಇವಳ ಧ್ವನಿ ನಾನು ಕೂತಲ್ಲಿಗೆ ಕೇಳ್ಬೇಕು. ಕೇಳಿದ್ರೆ ಕೆಲಸ, ಇಲ್ದಿದ್ರೆ ಇಲ್ಲ,” ಎಂದು ಹೇಳಿ ಹೋದರು.

ಅಂದಿನಿಂದ ಅವಳನ್ನು ಓಣಿಯ ಆ ತುದಿಯಲ್ಲಿ ನಿಲ್ಲಿಸಿ ಅಡುಗೆಗಳ ಹೆಸರು ಕೂಗಿಸಿದೆ. ಸೊಳ್ಳೆ ಇದಕ್ಕಿಂತ ಜೋರಾಗಿ ಹಾಡುತ್ತದೆ ಅಂತ ರೇಗಿಸಿದೆ. ನಕ್ಕಳು, ಅದೂ ಸದ್ದಿಲ್ಲದೆ.

ಕೊನೆಯ ದಿನ ಮಕ್ಕಳು ತಮ್ಮ ಮನೆಯವರಿಗೇ ಬಡಿಸಬೇಕು, ಏನು ತಂದಿದ್ದೇವೆ ಅಂತ ಬಾಯಿಬಿಟ್ಟು ಹೇಳಬೇಕು. ಅದೇ ನಮ್ಮ ಪರೀಕ್ಷೆ. ಮ್ಯಾನೇಜರ್ ಮೂಲೆಯ ಮೇಜಿನಲ್ಲಿ ಕೂತರು, ಈ ಸಲ ಕಪ್ಪು ಅಂಗಿಯಲ್ಲಿ. ಬೆಕ್ಕಮ್ಮನ ಅಪ್ಪ ಕೆಲಸ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದಿದ್ದ, ಸಮವಸ್ತ್ರ ಕೂಡ ಬದಲಿಸಿರಲಿಲ್ಲ. ಮೇಜಿನ ಮೇಲೆ ಮಗಳು ಮಡಿಸಿಟ್ಟ ಕರವಸ್ತ್ರವನ್ನು ಅತ್ತಿತ್ತ ತಿರುಗಿಸಿ ನೋಡಿದ. ಆಮೇಲೆ ಅದರ ಮೇಲೇ ತಲೆಯಿಟ್ಟು ನಿದ್ದೆ ಹೋದ.

ಅವಳು ಸೂಪ್ ತಂದಳು. ಅಪ್ಪನನ್ನು ನೋಡಿ ನಿಂತೇಬಿಟ್ಟಳು. ನಾನು ದೂರದಿಂದ ಗಂಟಲು ತೋರಿಸಿ ಕೈ ಬಾಯಿ ಆಡಿಸಿದೆ. ಬಟ್ಟಲನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟಳು. ಮ್ಯಾನೇಜರ್ ತಲೆಯಾಡಿಸುತ್ತಾ ಜೇಬಿನಿಂದ ಪೆನ್ನು ತೆಗೆದರು. ಮುಗೀತು ಕಥೆ ಅಂದುಕೊಂಡೆ. ನನಗೆ ಕೋಪ ನೆತ್ತಿಗೇರಿತು. ಅವಳ ಮೇಲೋ, ಆ ಒಂದು ಕೋಣೆಯ ಮನೆಯ ಮೇಲೋ, ಗೊತ್ತಿಲ್ಲ.

ಅವಳು ಮಾತ್ರ ಮ್ಯಾನೇಜರ್ ಕಡೆ ನೋಡುತ್ತಿರಲಿಲ್ಲ. ಬಟ್ಟಲಿನಿಂದ ಏಳುತ್ತಿದ್ದ ಹಬೆ ಕಡಿಮೆಯಾಗುವುದನ್ನು ನೋಡುತ್ತಿದ್ದಳು.

“ಅಪ್ಪಾ!”

ಯಾರದೋ ಚಮಚ ಕೈಜಾರಿ ನೆಲಕ್ಕೆ ಬಿತ್ತು. ಅಪ್ಪ ದಡಬಡಿಸಿ ಎದ್ದು ಸೀಟಿ ಊದಲು ಜೇಬಿಗೆ ಕೈ ಹಾಕಿದ. “ಯಾರದು?”

“ನಾನಪ್ಪ! ಸೂಪ್ ತಂದಿದ್ದೀನಿ. ದಿನಾ ತಣ್ಣಗಾದದ್ದೇ ತಿಂತೀಯಲ್ಲ, ಇವತ್ತಾದ್ರೂ ಬಿಸಿ ಇರೋವಾಗ್ಲೇ ಕುಡಿಯಪ್ಪ!”

ಅಡುಗೆಮನೆಯವರೂ ಬಾಗಿಲಿಗೆ ಬಂದು ಇಣುಕಿದರು. ನನಗೆ ಅಳು ತಡೆಯಲಾಗಲಿಲ್ಲ, ಸೊರ್ ಅಂತ ಮೂಗು ಎಳೆದುಕೊಂಡೆ.

“ಸೋಮವಾರದಿಂದ ಬಾಮ್ಮ,” ಎಂದರು ಮ್ಯಾನೇಜರ್. “ಇಷ್ಟು ಜೋರು ಬೇಡ.”

ಅಪ್ಪನಿಗೆ ಅದೊಂದೂ ತಲೆಗೆ ಹೋಗಲಿಲ್ಲ. ಮೊದಲ ಚಮಚಕ್ಕೇ ನಾಲಿಗೆ ಸುಟ್ಟುಕೊಂಡು ಉಸ್ ಉಸ್ ಅನ್ನುತ್ತಾ ನಗುತ್ತಿದ್ದ. “ಬಿಸಿ ಇದೆ ಕಣೇ!”

“ಊದ್ಕೊಂಡು ಕುಡಿಯಪ್ಪ,” ಎಂದಳು ಬೆಕ್ಕಮ್ಮ, ಎಲ್ಲರಿಗೂ ಕೇಳುವ ಹಾಗೆ.