ಹಾರ್ಮನ ಕೆಂಪು ಗಿಡ

ಫೆನ್ನಾಳ ಮೀನಿನ ತೊಟ್ಟಿಯಲ್ಲಿ ಕೆಂಪು ಬಣ್ಣ ನಿಲ್ಲುತ್ತಲೇ ಇರಲಿಲ್ಲ. ಹಾರ್ಮ್ ಕೊಟ್ಟ, ರೋಟಾಲಾ ಎಂಬ ನೀರುಗಿಡದ ಕಡ್ಡಿಗಳು ಅವನ ಮನೆಯಿಂದ ಬರುವಾಗ ದಾಸವಾಳದ ಎಸಳಿನಂತೆ ಹೊಳೆಯುತ್ತಿದ್ದವು. ಇವಳ ಗಾಜಿನೊಳಗೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಅತ್ತ ಹಸಿರೂ ಅಲ್ಲ, ಇತ್ತ ಕೆಂಪೂ ಅಲ್ಲ, ಜ್ವರ ಬಿಟ್ಟು ಎದ್ದವರ ಮುಖದಂತೆ ಬಿಳಚಿಕೊಳ್ಳುತ್ತಿದ್ದವು.

ವೇನ್‌ಡಾಮ್ ಪಟ್ಟಣದ ಅಕ್ವೇರಿಯಂ ಸಂಘದಲ್ಲಿ ಹಾರ್ಮ್ ವೋಲ್ಟ್‌ಹೌಸ್ ಎಂದರೆ ದೊಡ್ಡ ಹೆಸರು. ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ತೊಟ್ಟಿಯೇ ಸಂಸಾರ. ಈಜುಕೊಳದಲ್ಲಿ ಟಿಕೆಟ್ ಹರಿಯುವ ಫೆನ್ನಾಳಿಗೆ ನೀರೊಳಗಿನ ತೋಟಗಾರಿಕೆಯನ್ನು ಅಕ್ಷರಾಭ್ಯಾಸದಿಂದ ಕಲಿಸಿದವನೂ ಅವನೇ.

"ನಿನ್ನ ದೀಪದ ಕೊಳವೆಗಳಿಗೆ ನನಗಿಂತ ವಯಸ್ಸಾಗಿದೆ," ಎನ್ನುತ್ತಿದ್ದ. "ಅವನ್ನ ಬದಲಾಯಿಸು. ಅರ್ಧ ಮೀನು ಯಾರಿಗಾದ್ರೂ ಕೊಟ್ಟುಬಿಡು. ಇದೇನು ತೊಟ್ಟಿನೋ ರೈಲು ನಿಲ್ದಾಣನೋ? ಕಬ್ಬಿಣದ ಸತ್ವ ಒಂದೇ ಸಲ ಸುರೀಬೇಡ, ವಾರವಾರ ಚೂರುಚೂರು ಹಾಕು. ಎಲೆಗೆ ಸುಳ್ಳು ಹೇಳೋಕೆ ಬರಲ್ಲ ಹುಡುಗಿ, ನೀನು ಕೊಟ್ಟಿದ್ದನ್ನೇ ತೋರಿಸುತ್ತೆ."

ನಲವತ್ತು ದಾಟಿದ ಹೆಂಗಸನ್ನು ಹುಡುಗಿ ಎಂದು ಕರೆಯುವವನು ಅವನೊಬ್ಬನೇ. ಫೆನ್ನಾ ತಲೆಯಾಡಿಸುತ್ತಿದ್ದಳು. ಮನೆಗೆ ಬಂದ ಮೇಲೆ ಮೀನುಗಳನ್ನು ಕೊಡಲು ಮನಸ್ಸಾಗುತ್ತಿರಲಿಲ್ಲ. ದೀಪದ ಮಾತು ಮುಂದಕ್ಕೆ ಹೋಗುತ್ತಿತ್ತು. ಹಾರ್ಮ್ ಎಷ್ಟೋ ಸಲ ಹೊಸ ಕಡ್ಡಿ ಕೊಟ್ಟಿದ್ದ. ಕಡೆಕಡೆಗೆ ಅವು ಬಿಳಚಿಕೊಂಡವೆಂದು ಹೇಳಲೂ ನಾಚಿಕೆಯಾಗಿ, "ಚೆನ್ನಾಗಿ ಬರ್ತಿವೆ" ಎನ್ನುವುದು ರೂಢಿಯಾಯಿತು.

ಆ ವರ್ಷ ಶರತ್ಕಾಲದಲ್ಲಿ, ಸಂಘದ ಸ್ಪರ್ಧೆಯ ತೀರ್ಪುಗಾರರು ಮನೆಮನೆಗೆ ಬಂದು ತೊಟ್ಟಿ ನೋಡುವ ಹೊತ್ತು ಹತ್ತಿರವಾದಾಗ, ಹಾರ್ಮ್ ಒದ್ದೆ ಎಲೆಗಳ ಮೇಲೆ ಸೈಕಲ್ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಗ್ರೋನಿಂಗನ್ ಆಸ್ಪತ್ರೆಯ ಹಾಸಿಗೆಯಿಂದಲೇ ಸ್ಪರ್ಧೆಯಿಂದ ತನ್ನ ಹೆಸರು ತೆಗೆಸಿದ. ಮನೆಯ ಬೀಗದ ಕೈಯನ್ನು ಫೆನ್ನಾಳ ಅಂಗೈಯಲ್ಲಿಟ್ಟ.

"ರೂಲ್ಫೀನ್ ಮನೆ ಗುಡಿಸೋಕೆ ಬರ್ತಾಳೆ, ಬರಲಿ. ಆದ್ರೆ ತೊಟ್ಟಿ ಹತ್ತಿರ ಬಿಡಬೇಡ. ನನ್ನ ತಂಗಿ ಒಳ್ಳೆಯವಳೇ, ಆದ್ರೆ ಉರಿಯೋ ದೀಪ ಕಂಡ್ರೆ ಆರಿಸೋ ಚಟ ಅವಳಿಗೆ."

ಹೀಗೆ ಫೆನ್ನಾ ದಿನವೂ ಹಾರ್ಮನ ಮನೆಗೆ ಹೋಗಿ ಮೀನಿಗೆ ಮೇವು ಹಾಕಿ ಬರತೊಡಗಿದಳು. ಯಾರೂ ಇಲ್ಲದ ಕೋಣೆಯಲ್ಲಿ ಆ ತೊಟ್ಟಿಯ ಮುಂದೆ ಕೂತರೆ ಏಳಲು ಮನಸ್ಸು ಬರುತ್ತಿರಲಿಲ್ಲ. ಹಸಿರಿನ ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಏರಿ ಹೋಗಿದ್ದವು. ಅವುಗಳ ನಡುವೆ ಕೆಂಪು ರೋಟಾಲಾದ ಒಂದು ದಟ್ಟ ಗುಂಪು, ತುದಿಗಳು ಬೆಂಕಿ ಹಚ್ಚಿದಂತೆ. ಈ ಸಲ ತೀರ್ಪುಗಾರರ ಕಣ್ಣಿಗೆ ಇದು ಬೀಳುವುದಿಲ್ಲ. ಕತ್ತರಿಸಿದರೆ ಕೆಳಗಿನಿಂದ ಮತ್ತೆ ಚಿಗುರುತ್ತದೆ. ಹಾರ್ಮ್ ಮನೆಗೆ ಬರುವ ಹೊತ್ತಿಗೆ ಗೊತ್ತೂ ಆಗುವುದಿಲ್ಲ. ಕೇಳಿದರೆ ಅವನು ಕೊಟ್ಟೇ ಕೊಡುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಳಬೇಕಾದರೆ, ಹಿಂದೆ ಕೊಟ್ಟಿದ್ದೇನಾಯಿತು ಎಂಬುದಕ್ಕೂ ಉತ್ತರ ಹೇಳಬೇಕಿತ್ತು.

ತೀರ್ಪುಗಾರ ಬರುವ ಹಿಂದಿನ ವಾರ ಅವಳು ಕತ್ತರಿ ತಂದಳು. ತುದಿಗಳನ್ನೆಲ್ಲ ಕತ್ತರಿಸಿ ಒದ್ದೆ ಪತ್ರಿಕೆಯಲ್ಲಿ ಸುತ್ತಿ ಚೀಲದಲ್ಲಿಟ್ಟಳು. ಉಳಿದ ಮೋಟುಗಳು ನೀರೊಳಗೆ ಕುಯ್ದ ಹೊಲದಂತೆ ಕಂಡವು. ಅತ್ತ ನೋಡದೆ ಬಾಗಿಲು ಎಳೆದುಕೊಂಡಳು. ಮನೆಯಲ್ಲಿ ತನ್ನ ಬಿಳಚಿದ ಕಡ್ಡಿಗಳನ್ನು ಕಿತ್ತೆಸೆದು, ಇವನ್ನು ಒಂದೊಂದಾಗಿ ಮರಳಿಗೆ ಊರಿದಳು. ಗಂಡ ಯೆಲ್ಟೆ ಕೆಲಸದಿಂದ ಬಂದವನು ಕೋಟು ಬಿಚ್ಚದೆ ನಿಂತು ನೋಡಿದ.

"ಅಬ್ಬ, ಅಂತೂ ಬಣ್ಣ ಬಂತಲ್ಲೇ."

"ಹೂಂ," ಎಂದಳು ಫೆನ್ನಾ.

ತೀರ್ಪುಗಾರ ಟರ್‌ಹೋರ್ಸ್ಟ್ ಬೇರೆ ಊರಿನವನು, ಮಾತು ಕಡಿಮೆ. ನೀರನ್ನು ಪರೀಕ್ಷಿಸಿ, ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಬಹಳ ಹೊತ್ತು ಕೂತ. ಕಾಫಿ ತಣ್ಣಗಾಯಿತು.

"ಈ ಕೆಂಪು ಗುಂಪು ಯಾವಾಗಿನಿಂದ ಇಲ್ಲಿದೆ?"

"ಬೇಸಿಗೆಯಿಂದ."

"ಏನು ಕೊಡ್ತೀರಿ ಇದಕ್ಕೆ?"

ಹಾರ್ಮ್ ಹೇಳುತ್ತಿದ್ದುದನ್ನೆಲ್ಲ ಫೆನ್ನಾ ಕಂಠಪಾಠದಂತೆ ಒಪ್ಪಿಸಿದಳು: ಹೊಸ ದೀಪ, ಕಡಿಮೆ ಮೀನು, ವಾರವಾರ ಚೂರು ಕಬ್ಬಿಣ. ಹಳೆಯ ದೀಪ ತೊಟ್ಟಿಯ ಮೇಲೆಯೇ ಗುಂಯ್‌ಗುಡುತ್ತಿತ್ತು. ಟರ್‌ಹೋರ್ಸ್ಟ್ ಗಾಜಿಗೆ ಮೂಗು ತಾಗಿಸುವಷ್ಟು ಬಾಗಿದ.

"ವಿಚಿತ್ರ. ಕೆಂಪು ಗಿಡದಲ್ಲಿ ಹೊಸ ಎಲೆಯೇ ಎಲ್ಲಕ್ಕಿಂತ ಕೆಂಪಾಗಿರ್ಬೇಕು. ಇಲ್ಲಿ ಹಳೇ ಎಲೆ ಕೆಂಪು, ತುದೀಲಿ ಬಂದಿರೋ ಹೊಸದು ಮಾತ್ರ ಬಿಳಚಿದೆ."

"ಚಳಿಗೆ ಇರಬೇಕು," ಎಂದಳು. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಕೋಣೆ ಬೆಚ್ಚಗಿತ್ತು. ಅವನು ಅವಳ ಮುಖವನ್ನೊಮ್ಮೆ ನೋಡಿ ಏನೋ ಬರೆದುಕೊಂಡ. ಅವನಿಗೆ ತಿಳಿಯಿತೋ ಇಲ್ಲವೋ ಎಂಬುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ.

ಆ ಭಾನುವಾರ ಆಸ್ಪತ್ರೆಗೆ ಹೋದಾಗ ಹಾರ್ಮ್ ದಿಂಬಿಗೊರಗಿ ಕೂತಿದ್ದ. ಇನ್ನು ಕೆಲವೇ ದಿನಗಳಲ್ಲಿ ಮನೆಗೆ ಕಳಿಸುತ್ತಾರಂತೆ. ಮೋಟುಗಳು ಇನ್ನೂ ಚಿಗುರಿರಲಿಲ್ಲ.

"ನಿಮ್ಮ ರೋಟಾಲಾ ಸ್ವಲ್ಪ ಕೆಟ್ಟುಹೋಯ್ತು," ಎಂದಳು. "ಎಲೆ ಉದುರೋಕೆ ಶುರುವಾಯ್ತು. ಅದಕ್ಕೆ ಮೇಲಿನದನ್ನ ಕತ್ತರಿಸಿಬಿಟ್ಟೆ."

ಹಾರ್ಮನ ಮುಖ ಸಣ್ಣದಾಯಿತು. "ಎಲೆ ಉದುರ್ತಾ? ಬೆಳಕು ಹೋದ್ರೇನೇ ಹಾಗಾಗೋದು." ಹುಬ್ಬು ಗಂಟಿಕ್ಕಿ ಕೇಳಿದ, "ರೂಲ್ಫೀನ್ ದೀಪ ಆರಿಸಿದ್ಲಾ?"

ಇಲ್ಲ ಎನ್ನಬಹುದಿತ್ತು. ಗೊತ್ತಿಲ್ಲ ಎಂದಾದರೂ ಅನ್ನಬಹುದಿತ್ತು.

"ಇರಬಹುದು," ಎಂದಳು ಫೆನ್ನಾ.

ಸಂಘದ ಸಭೆಯಲ್ಲಿ ಅವಳಿಗೆ ಮೊದಲ ಬಹುಮಾನ ಬಂತು. ಚಪ್ಪಾಳೆ ತಟ್ಟಿದರು. ಹಾರ್ಮ್ ಮನೆಗೆ ಬಂದಿದ್ದರೂ ಸಭೆಗೆ ಬರಲಾಗದೆ, ಫೋನಿನಲ್ಲೇ ಅಧ್ಯಕ್ಷನಿಗೆ ಹೇಳಿಸಿದ್ದ: ನನ್ನ ಶಿಷ್ಯೆ ಅವಳು, ಎಲ್ಲರಿಗೂ ನೆನಪಿರಲಿ. ಬಹುಮಾನದ ಬಟ್ಟಲನ್ನು ಯೆಲ್ಟೆ ಗೂಡಿನ ಮೇಲಿಟ್ಟ. ಅವನು ಕೆಲಸಕ್ಕೆ ಹೋದ ಮೇಲೆ ಫೆನ್ನಾ ಅದನ್ನು ಬೀರುವಿನೊಳಗೆ ಬಟ್ಟೆಗಳ ಹಿಂದೆ ತಳ್ಳಿದಳು.

ಎರಡು ದಿನ ಬಿಟ್ಟು ರೂಲ್ಫೀನ್ ಬಂದಳು. ಎಪ್ಪತ್ತರ ಆಸುಪಾಸಿನ ಸಣ್ಣ ಹೆಂಗಸು. ತಾನೇ ಮಾಡಿದ ಸೇಬಿನ ಕೇಕನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಕೂತವಳು ಕೇಕಿನ ಮೇಲಿಂದ ಕೈ ತೆಗೆಯಲಿಲ್ಲ.

"ನಿನ್ನ ಹತ್ರ ಒಂದು ಕೇಳೋಕೆ ಬಂದೆ ಕಣಮ್ಮ. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ದೀಪ ಆರಿಸಿ ಗಿಡ ಸಾಯಿಸಿದೆ ಅಂತಾನೆ. ನನಗಂತೂ ಆರಿಸಿದ ನೆನಪೇ ಇಲ್ಲ. ಆದ್ರೆ ಇತ್ತೀಚೆಗೆ ಎಷ್ಟೋ ವಿಷಯ ಮರೆತುಹೋಗುತ್ತೆ ನೋಡು. ಆರಿಸಿರ್ಬೇಕು ನಾನೇ." ತೊಟ್ಟಿಯ ಕಡೆ ತಿರುಗಿದಳು. "ನಿನ್ನಲ್ಲಿ ಇಷ್ಟೊಂದಿದೆಯಲ್ಲ. ಒಂದೆರಡು ಕಡ್ಡಿ ಕೊಟ್ರೆ ಅವನಿಗೆ ತಗೊಂಡು ಹೋಗಿ ಕೊಡ್ತೀನಿ. ಆಗಲಾದ್ರೂ ಮಾತಾಡ್ತಾನೇನೋ."

ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು ಫೆನ್ನಾಳಿಗೆ. ಈ ಮುದುಕಿ ತನ್ನ ನೆನಪನ್ನೇ ಅನುಮಾನಿಸುತ್ತ ಎಷ್ಟು ದಿನ ಕಳೆದಳೋ. ಕೊಟ್ಟು ಕಳಿಸಿಬಿಡಬಹುದಿತ್ತು, ರೂಲ್ಫೀನ್ ಕಣ್ಣೀರು ಹಾಕಿ ಕೈ ಹಿಡಿದುಕೊಳ್ಳುತ್ತಿದ್ದಳು. ಆ ಕೃತಜ್ಞತೆಯನ್ನು ತೆಗೆದುಕೊಳ್ಳಲು ಅವಳಿಂದಾಗಲಿಲ್ಲ.

"ನಿಮಗೇನೂ ಮರೆತಿಲ್ಲ," ಎಂದಳು. "ದೀಪ ನೀವು ಆರಿಸಿಲ್ಲ. ಬನ್ನಿ, ನಾನೂ ಬರ್ತೀನಿ."

ಕೆಂಪು ಕಡ್ಡಿಗಳನ್ನೆಲ್ಲ ಕಿತ್ತು ಬಕೆಟ್ಟಿಗೆ ಹಾಕಿದಳು. ದಾರಿಯುದ್ದಕ್ಕೂ ರೂಲ್ಫೀನ್ ಏನೇನೋ ಕೇಳಿದಳು. ಫೆನ್ನಾ ಬಕೆಟ್ಟು ಹಿಡಿದು ಬೇಗಬೇಗ ಹೆಜ್ಜೆ ಹಾಕಿದಳು. ಹಾರ್ಮ್ ಊರುಗೋಲು ಪಕ್ಕಕ್ಕಿಟ್ಟುಕೊಂಡು ತೊಟ್ಟಿಯ ಮುಂದೆಯೇ ಕೂತಿದ್ದ. ಫೆನ್ನಾ ಬಕೆಟ್ಟನ್ನು ನೆಲಕ್ಕಿಟ್ಟು, ಕೋಟು ಕೂಡ ತೆಗೆಯದೆ, ನಡೆದದ್ದನ್ನು ಹೇಳಿದಳು. ಆಸ್ಪತ್ರೆಯಲ್ಲಿ ಆಡಿದ ಆ ಒಂದು ಮಾತಿಗೆ ಬಂದಾಗ ರೂಲ್ಫೀನ್ ಕಡೆ ತಿರುಗಿದಳು. ಅದನ್ನೂ ಹೇಳಿದಳು.

ಹಾರ್ಮ್ ಬಕೆಟ್ಟಿನೊಳಗೆ ಬಾಗಿ ಒಂದು ಕಡ್ಡಿ ಎತ್ತಿದ. ತುದಿಯ ಬಿಳಚಿದ ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದ.

"ಕೇಳಿದ್ರೆ ಬೇರುಸಮೇತ ಕೊಡ್ತಿದ್ದೆ."

"ಗೊತ್ತು."

"ಗಿಡ ಹೋಗ್ಲಿ, ಅದು ಚಿಗುರುತ್ತೆ. ನನ್ನ ಬಾಯಲ್ಲಿ ನನ್ನ ತಂಗಿಗೆ ಬೈಸಿದೆಯಲ್ಲ ನೀನು." ಅವನು ದನಿ ಏರಿಸಲಿಲ್ಲ. "ಬೀಗದ ಕೈ ಮೇಜಿನ ಮೇಲಿಟ್ಟು ಹೋಗು."

ಹೊರಡುವಾಗ ರೂಲ್ಫೀನ್ ಬಾಗಿಲವರೆಗೆ ಬಂದಳು. "ನನ್ನ ತಲೆ ಸರಿಯಾಗಿದೆ ಅಂತ ಗೊತ್ತಾಯ್ತಲ್ಲ, ಅಷ್ಟೇ ಸಾಕು ನನಗೆ," ಎಂದಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.

ಅದೇ ಸಂಜೆ ಫೆನ್ನಾ ಬಟ್ಟಲನ್ನು ಅಧ್ಯಕ್ಷನ ಮನೆಗೆ ಒಯ್ದು ಕೊಟ್ಟು, ಕಾರಣವನ್ನೂ ಹೇಳಿ ಬಂದಳು. ಊಟದ ಹೊತ್ತಿಗೆ ಯೆಲ್ಟೆಗೂ ಹೇಳಿದಳು. ಅವನು ಆಲೂಗಡ್ಡೆ ಹಿಸುಕುವುದನ್ನು ನಿಲ್ಲಿಸಿ, "ನನಗಾದ್ರೂ ಹೇಳಬಾರದಿತ್ತಾ?" ಎಂದ. "ನಾಚಿಕೆ ಆಯ್ತು," ಎಂದಳು. "ಈಗ?" ಎಂದು ಕೇಳಿದ. ಅವಳು ತಟ್ಟೆ ತೊಳೆಯಲು ಎದ್ದಳು.

ಚಳಿಗಾಲವೆಲ್ಲ ಸಭೆಗೆ ಹೋಗಲಿಲ್ಲ. ಮೀನುಗಳನ್ನು ಅಂಗಡಿಯವನಿಗೆ ಕೊಟ್ಟಳು. ಹೊಸ ದೀಪ ಹಾಕಿಸಿದಳು. ತೊಟ್ಟಿಯಲ್ಲಿ ಹಸಿರು ಮಾತ್ರ ಬೆಳೆಯಿತು, ಚೆನ್ನಾಗಿಯೇ ಬೆಳೆಯಿತು. ವಸಂತದಲ್ಲಿ ಯೆಲ್ಟೆ ಬಲವಂತ ಮಾಡಿದ ಮೇಲೆ ಒಂದು ಸಭೆಗೆ ಹೋದಳು. ಒಳಗೆ ಕಾಲಿಡುತ್ತಲೇ ಯಾರೋ, "ಕತ್ತರಿ ಬಾಗಿಲಲ್ಲೇ ಬಿಟ್ಟು ಬಾ ಫೆನ್ನಾ," ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಕುತ್ತಿಗೆಯವರೆಗೆ ಕೆಂಪಾಗಿ.

ಹಾರ್ಮ್ ನಗಲಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಕೋಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ. ಫೆನ್ನಾ ಅಲ್ಲಿ ಹೋಗಿ ಕೂತಳು. ಆ ಸಂಜೆಯೆಲ್ಲ ಅವನು ತನ್ನ ಸೊಂಟದ ಬಗ್ಗೆ, ವೈದ್ಯರ ಬಗ್ಗೆ, ಹಾಳಾದ ರಸ್ತೆಗಳ ಬಗ್ಗೆ ಮಾತಾಡಿದ. ಅವಳನ್ನು ಒಮ್ಮೆಯೂ ಹುಡುಗಿ ಎನ್ನಲಿಲ್ಲ. ಫೆನ್ನಾ ಎಂದೇ ಕರೆದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವನ ಮುಖ ನೋಡಲಾರದೆ, ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ಕೂತಳು.