ಪರ್ಸಿನೊಳಗಿನ ಕಿವಿ

ನಾನು ಹುಟ್ಟಿದ್ದು ಮನುಷ್ಯರ ಕಿವಿಗಾಗಿ. ಆದರೆ ಅವರನ್ನು ಚೆನ್ನಾಗಿ ಅರಿತದ್ದು ಒಂದು ಪರ್ಸಿನೊಳಗೆ ಮಲಗಿ. ನಾನು ಒಂದು ಶ್ರವಣಯಂತ್ರ. ಧಾರವಾಡದ ಮಂದಿ ನನ್ನನ್ನು ಕಿವಿ ಮಷೀನು ಅನ್ನುತ್ತಾರೆ. ದೂರದೇಶದ ಒಂದು ಕಾರ್ಖಾನೆಯಲ್ಲಿ, ಧೂಳಿಲ್ಲದ ಕೋಣೆಯಲ್ಲಿ, ಕೈಗವಸು ತೊಟ್ಟವರು ನನ್ನನ್ನು ಜೋಡಿಸಿದರು. ಗಾತ್ರದಲ್ಲಿ ಒಂದು ಗೋಡಂಬಿಯಷ್ಟಿದ್ದೇನೆ. ಕಣ್ಣಿಲ್ಲ, ಕೇಳುವುದೊಂದೇ ಬಲ್ಲೆ. ಆ ಕೋಣೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮನುಷ್ಯರ ಮೇಲೆ ನನಗೆ ಗೌರವವಿದ್ದದ್ದು ಅಲ್ಲಿ ಇದ್ದಷ್ಟು ದಿನ ಮಾತ್ರ.

ನನ್ನ ಮೊದಲ ಯಜಮಾನರು ವಕೀಲ ಗುಂಡೇರಾವ್. ಅವರು ಮಾತಾಡಲು ಎದ್ದಾಗ ನನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಎದುರಿನ ವಕೀಲರು ಎದ್ದ ಕೂಡಲೇ ತೆಗೆದು, ಬಂದ್ ಮಾಡಿ ಜೇಬಿಗಿಡುತ್ತಿದ್ದರು. ಮನೆಯಲ್ಲಿ ಹೆಂಡತಿ ಬಾಯಿ ತೆರೆದಾಗಲೂ ಅಷ್ಟೇ. ನಾಲ್ಕು ವರ್ಷ ನಾನು ಒಬ್ಬನೇ ಒಬ್ಬ ಮನುಷ್ಯನ ಧ್ವನಿ ಕೇಳಿದೆ. ಅದರಲ್ಲಿ ಕೇಳುವಂಥದ್ದು ಏನೂ ಇರಲಿಲ್ಲ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ನಾದಿನಿಯ ಕೈಗೆ ಕೊಟ್ಟರು.

"ಸಿಂಧೂ, ಇದನ್ನ ನೀ ಇಟ್ಟಕೋ. ನಿನಗೂ ಈಗೀಗ ಕೇಳಸೂದಿಲ್ಲ."

"ಯಾರ ಹೇಳಿದ್ರು ವೈನಿ? ನನಗ ಎಲ್ಲಾ ಕೇಳಸ್ತದ," ಎಂದಳು ಸಿಂಧು. ಅತ್ತಿಗೆ ಅದೇ ಮಾತನ್ನು ಮೂರನೆಯ ಸಲ ಹೇಳಿದ ಮೇಲೆ ಬಂದ ಉತ್ತರ ಅದು.

ಸಿಂಧು ಕೊಪ್ಪರ ಅವಳ ಪೂರ್ತಿ ಹೆಸರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ವಯಸ್ಸು ಅರವತ್ತೆಂಟು. ಧಾರವಾಡದಲ್ಲಿ ಯಾರಾದರೂ ನೋಡಿಯಾರೆಂದು ಹುಬ್ಬಳ್ಳಿಗೆ ಒಬ್ಬಳೇ ಹೋಗಿ, ತನ್ನ ಕಿವಿಗೆ ಹೊಂದುವ ಅಚ್ಚು ಮಾಡಿಸಿಕೊಂಡು, ನನ್ನ ಧ್ವನಿಯನ್ನೂ ಸರಿಪಡಿಸಿಕೊಂಡಳು. ಬರುವಾಗ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹಾಕಿಕೊಂಡಳು. ಪರಿಚಯದವರು ಯಾರೋ ಹತ್ತಿದರು. ಕೂಡಲೇ ಕಿತ್ತು ಹಳೆಯ ಕನ್ನಡಕದ ಡಬ್ಬಿಗೆ ಹಾಕಿ, ಡಬ್ಬಿಯನ್ನು ಪರ್ಸಿಗೆ ತುರುಕಿದಳು. ಬ್ಯಾಟರಿಯ ಬಾಗಿಲು ತೆರೆದಿಟ್ಟರೆ ನಾನು ಮಲಗುತ್ತೇನೆ. ಅಷ್ಟು ವಿಷಯವೂ ಅವಳಿಗೆ ತಿಳಿದಿರಲಿಲ್ಲ. ಹಾಗಾಗಿ ನಾನು ಎಚ್ಚರವಾಗಿಯೇ ಇದ್ದೆ. ಅವಳಿಗೆ ಕೇಳಿಸದ್ದೆಲ್ಲ ನನಗೆ ಕೇಳಿಸುತ್ತಿತ್ತು.

ಅವಳಿಗೆ ಇಬ್ಬರು ಗೆಳತಿಯರು, ಅದೇ ಶಾಲೆಯವರು. ಲೆಕ್ಕದ ಟೀಚರ್ ಆಗಿದ್ದ ನೀಲಮ್ಮ ಅಂಗಡಿ, ಚಿತ್ರಕಲೆ ಕಲಿಸುತ್ತಿದ್ದ ಜುಬೇದಾ ನದಾಫ. ನೀಲಮ್ಮನದು ದೊಡ್ಡ ಗಂಟಲು, ಜುಬೇದಾಳದು ಮೆಲುದನಿ. ಆ ವರ್ಷ ಊರಿನ ಒಂದು ಕಲಾಸಂಘ ಏಳು ದಿನದ ಉತ್ಸವ ಇಟ್ಟುಕೊಂಡಿತ್ತು. ಆಮಂತ್ರಣ ಬಂದ ದಿನ ಸಿಂಧು ಹೇಳಿದಳು, "ಏಳೂ ದಿನ ಹೋಗೋಣ. ಸುಮ್ಮನ ಕೂತು ಬರೂದಲ್ಲ. ದಿನಾ ಒಬ್ಬೊಬ್ಬರು ಒಂದೊಂದು ಮಜಾ ಹುಡುಕಬೇಕು. ಆಮ್ಯಾಲೆ ಚಹಾ ಕುಡಿಯೋವಾಗ ಹೇಳಬೇಕು."

ಹೀಗೆ ಕಲೆ ನೋಡಲು ಹೊರಟರು. ನಿಜವಾಗಿ ಅವರಿಗೆ ಬೇಕಾಗಿದ್ದದ್ದು ಮಂಡಕ್ಕಿ ಗಿರ್ಮಿಟ್ ಮತ್ತು ಚಹಾ.

ಸೋಮವಾರ ಚಿತ್ರಪ್ರದರ್ಶನ. ಜನ ಒಂದೊಂದು ಚಿತ್ರದ ಮುಂದೆಯೂ ನಿಂತು "ಆಳ ಐತಿ," "ಭಾಳ ಆಳ ಐತಿ," ಅನ್ನುತ್ತಿದ್ದರು. ಯಾರೊಬ್ಬರೂ ಎಷ್ಟು ಆಳ ಎಂದು ಹೇಳಲಿಲ್ಲ. ಚಹಾದಂಗಡಿಯಲ್ಲಿ ಸಿಂಧು, ಉದ್ಘಾಟಕರ ಒಂದು ಕಾಲುಚೀಲ ಕಂದು, ಇನ್ನೊಂದು ಕಪ್ಪು ಇತ್ತೆಂದು ಹೇಳಿ ನಗಿಸಿದಳು. ಕಲಾವಿದನ ತಾಯಿ ಮೂಲೆಯಲ್ಲಿ ನಿಂತು 'ಮನಿ ಗ್ವಾಡಿಗೆ ಬಣ್ಣಾ ಹಚ್ಚು ಅಂದ್ರ ಹಚ್ಚೂದಿಲ್ಲ' ಎಂದು ಗೊಣಗಿದ್ದನ್ನು ಜುಬೇದಾ ಹಾಗೆಯೇ ಆಡಿ ತೋರಿಸಿದಳು. ಚಿತ್ರದ ಟೀಚರ್ ಒಂದು ಚಿತ್ರದ ಬಗ್ಗೆಯೂ ಮಾತಾಡಲಿಲ್ಲ. ಉಳಿದ ಇಬ್ಬರಿಗೂ ಅದು ಹೊಳೆಯಲಿಲ್ಲ.

ಮಂಗಳವಾರ ಹಳಗನ್ನಡದ ಮೇಲೆ ಉಪನ್ಯಾಸ. ಮುಚ್ಚಿದ ಡಬ್ಬಿಯಲ್ಲಿ ನನ್ನ ಧ್ವನಿ ನನಗೇ ಬಡಿದು, ನಾನು ಆಗಾಗ ಕುಂಯ್ ಎಂದು ಸಿಳ್ಳೆ ಹೊಡೆಯುತ್ತೇನೆ. ಅವತ್ತು ಅರ್ಧ ತಾಸು ಹೊಡೆದೆ. ಉಪನ್ಯಾಸಕರು ನಿಲ್ಲಿಸಿ, "ಯಾರದೋ ಫೋನ್ ಬಡಕೊಳ್ಳಾಕತ್ತೈತಿ, ಬಂದ್ ಮಾಡ್ರಿ," ಎಂದರು. ಎಲ್ಲರೂ ತಮ್ಮ ತಮ್ಮ ಫೋನು ತಡಕಾಡಿದರು. ಅವರನ್ನು ನೋಡಿ ಸಿಂಧು ಕೂಡ ಪರ್ಸು ತೆರೆದು, ನನ್ನ ಪಕ್ಕದಲ್ಲಿದ್ದ ಫೋನನ್ನು ಬಂದ್ ಮಾಡಿ, ಮುಚ್ಚಿಕೊಂಡಳು. ನಾನು ಸಿಳ್ಳೆ ಮುಂದುವರಿಸಿದೆ. ಕೊನೆಗೆ ಅವಳು ಎದ್ದು ಒಂದು ಪ್ರಶ್ನೆ ಕೇಳಿದಳು. ಉಪನ್ಯಾಸಕರು ಮುಕ್ಕಾಲು ತಾಸು ಅದರ ಉತ್ತರವನ್ನೇ ಹೇಳಿದ್ದರು. ಅವರು ಮಾತ್ರ ಬಹಳ ಒಳ್ಳೆಯ ಪ್ರಶ್ನೆಯೆಂದು ಹೊಗಳಿ, ಮತ್ತೆ ಮೊದಲಿನಿಂದ ಶುರು ಮಾಡಿದರು.

ಬುಧವಾರ ಸಿತಾರ್ ಕಛೇರಿ. ವಾದಕರು ಇನ್ನೂ ತಂತಿ ಬಿಗಿದು ಶ್ರುತಿ ಹೊಂದಿಸುತ್ತಿದ್ದರು. ಅವರು ಕಣ್ಣುಮುಚ್ಚಿ ತಲೆ ತೂಗಿದರಂತೆ, ಅದನ್ನು ನೋಡಿ ಸಿಂಧು "ವಾಹ್" ಎಂದಳು. ಅವಳು ಕಿವುಡಿ, ಬಿಡಿ. ಹಿಂದಿನ ಸಾಲಿನಲ್ಲಿ ಕಿವಿ ನೆಟ್ಟಗಿದ್ದವರು ನಾಲ್ಕು ಜನ "ವಾಹ್, ವಾಹ್" ಎಂದು ದನಿಗೂಡಿಸಿದರು. ಅಂದಿನಿಂದ ನನಗೆ ಒಳ್ಳೆಯ ಕಿವಿಗಳ ಮೇಲೂ ಗೌರವ ಉಳಿಯಲಿಲ್ಲ.

ಶುಕ್ರವಾರ ಕವಿಗೋಷ್ಠಿ ಮುಗಿಸಿ ಮೂವರೂ ಆಟೋ ಹತ್ತಿದರು. ನೀಲಮ್ಮನ ಮನೆ ಮೊದಲು ಬಂತು, ಅವಳು ಇಳಿದಳು. ಆಟೋ ಗಡಗಡ ಎನ್ನುತ್ತ ಹೊರಟ ಮೇಲೆ ಜುಬೇದಾ ಮೆಲ್ಲಗೆ ಮಾತು ತೆಗೆದಳು.

"ಸಿಂಧೂ, ಒಂದ್ ಮಾತ್ ಹೇಳೂದಿತ್ತು. ನನಗ ಎಡಗಣ್ಣು ಸಣ್ಣಾಕಿ ಇದ್ದಾಗಿಂದ ಕಾಣೂದಿಲ್ಲ, ನಿನಗ ಗೊತ್ತೈತಿ. ಈಗ ಬಲಗಣ್ಣಿಗೂ ಪೊರಿ ಬಂದೈತಿ. ಸೋಮವಾರ ಹುಬ್ಬಳ್ಳ್ಯಾಗ ಆಪರೇಷನ್. ಇರೂದ ಅದೊಂದ ಕಣ್ಣು. ಭಾಳ ಅಂಜಿಕಿ ಬರಾಕತ್ತೈತಿ. ನೀ ಬಂದು ಬಾಜೂಕ ಕುಂದರ್ತಿಯೇನು?"

ಜುಬೇದಾ ಅವತ್ತಿನ ಮಜಾ ಹೇಳುತ್ತಿದ್ದಾಳೆಂದು ಸಿಂಧು ತಿಳಿದಳು. ಗಟ್ಟಿಯಾಗಿ ನಕ್ಕಳು.

"ಭಾಳ ಮಜಾ ಅದ ನೋಡು ಇದು. ಇಡೀ ವಾರದಾಗ ಇದ ಎಲ್ಲಾಕಿಂತ ಛಲೋ."

ಜುಬೇದಾ ಚಾಲಕನಿಗೆ "ಇಲ್ಲೇ ನಿಲ್ಲಸಪಾ," ಎಂದಳು. ಅವಳ ಮನೆ ಇನ್ನೂ ಮುಂದಿತ್ತು. ಸಿಂಧು "ನಾಳೆ ಬೇಗ ಬಾ," ಎಂದು ಕೂಗಿದ್ದಕ್ಕೆ ಉತ್ತರ ಬರಲಿಲ್ಲ. ಬಂದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಶನಿವಾರ ತೊಗಲು ಬೊಂಬೆಯಾಟಕ್ಕೆ ಜುಬೇದಾ ಬರಲಿಲ್ಲ. ಆಟ ನಡೆದು ಮದ್ದಳೆ ಜೋರಾಗಿದ್ದಾಗ ನೀಲಮ್ಮ ಏನೋ ಬರೆಯುವ ಸದ್ದು ಕೇಳಿತು. ಬರೆದದ್ದನ್ನು ಸಿಂಧುವಿಗೆ ಕೊಟ್ಟಳು. ಕಿವಿ ಮಂದವಾದವರಿಗೆ ತಾವು ಎಷ್ಟು ಜೋರಾಗಿ ಓದುತ್ತೇವೆಂಬ ಅಂದಾಜು ಇರುವುದಿಲ್ಲ. ಇಡೀ ಸಭೆಗೆ ಕೇಳುವಂತೆ ಸಿಂಧು ಓದಿದಳು: "ಸೋಮವಾರ ಜುಬೇದಾನ ಕಣ್ಣಿನ ಆಪರೇಷನ್. ನಿನ್ನೆ ನಿನ್ನ ಕರದಳಂತ. ನೀ ಭಾಳ ಮಜಾ ಅದ ಅಂತ ನಕ್ಕಿಯಂತ."

ಮುಂದಿನ ಸಾಲಿನವರು ಶ್ ಎಂದರು. ಸಿಂಧು ಎದ್ದು ಹೊರಗೆ ನಡೆದಳು. ನೀಲಮ್ಮ ಹಿಂದೆಯೇ ಬಂದಳು.

"ನೀಲಾ, ನನಗ ಕೇಳಸೂದಿಲ್ಲ."

"ಎರಡ ವರ್ಷದಿಂದ ಗೊತ್ತೈತಿ ನನಗ."

"ಮತ್ತ ಯಾಕ ಹೇಳಲಿಲ್ಲ?"

"ನಾಕ್ ಸಲ ಹೇಳೀನಿ. ನಿನಗ ಕೇಳಸಲಿಲ್ಲ."

ಇದೆಲ್ಲವನ್ನೂ ನೀಲಮ್ಮ ಕೂಗಿ ಹೇಳಿದ್ದರಿಂದ ಸಿಂಧುವಿಗೆ ಕೇಳಿಸಿತು. ಅವಳು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಜುಬೇದಾಳ ಮನೆಯ ಮೆಟ್ಟಿಲ ಮೇಲೆ ನಿಂತು ಸಿಂಧು ಡಬ್ಬಿ ತೆರೆದು ನನ್ನನ್ನು ಕಿವಿಗೆ ಹಾಕಿಕೊಂಡಳು. ರೂಢಿಯಿಲ್ಲದ ಅವಳ ಕೈಯಿಂದ ಎರಡು ಸಲ ಜಾರಿ ಬಿದ್ದೆ.

"ಇನ್ನೂ ನಗೂದು ಉಳದೈತೇನು?" ಎಂದಳು ಜುಬೇದಾ ಬಾಗಿಲಲ್ಲಿ.

"ನೀ ಅಂದದ್ದು ಒಂದಕ್ಷರ ನನಗ ಕೇಳಿಲ್ಲ. ನಾ ಕಿವುಡಿ ಇದ್ದೀನಿ, ಜುಬೇದಾ. ಮಷೀನ್ ಅದ, ನಾಚಿಕಿಯಿಂದ ಹಾಕ್ಕೊಂಡಿದ್ದಿಲ್ಲ. ಇಲ್ಲೆ ನೋಡು."

ಜುಬೇದಾ ನೋಡಲಿಲ್ಲ. ಬೆರಳಿನಿಂದ ನನ್ನನ್ನು ತಡವಿ, ಕಿವಿಯ ಹಿಂದೆ ಎಲ್ಲಿದ್ದೇನೆಂದು ಹುಡುಕಿದಳು. ಆಗ ಸಿಂಧುವಿಗೆ ಅರ್ಥವಾಯಿತು.

"ಅಷ್ಟೂ ಕಾಣೂದಿಲ್ಲೇನ ನಿನಗ?"

"ಹೋದ ಸೋಮವಾರ ಒಂದ್ ಚಿತ್ರನೂ ನನಗ ಕಂಡಿಲ್ಲ. ಎಲ್ಲಾ ಹಾಲಿನ್ಯಾಗ ಅದ್ದಿಟ್ಟಂಗ ಇತ್ತು. ಚಿತ್ರದ ಟೀಚರ್‌ಗ ಕಣ್ಣ ಕಾಣೂದಿಲ್ಲಂತ ಹೆಂಗ ಹೇಳಲಿ? ಅದಕ್ಕ ಮಂದಿ ಮಾತು ಕೇಳಕೋತ ನಿಂತಿದ್ದೆ."

ಇಬ್ಬರೂ ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ಸಿಂಧು, "ಮೊನ್ನೆ ಆಟೋದಾಗ ಅಂದದ್ದು ಮತ್ತೊಮ್ಮೆ ಹೇಳು," ಎಂದಳು. ಜುಬೇದಾ ಮೊದಲಿನಿಂದ ಹೇಳಿದಳು, ಅಂಜಿಕೆಯ ಮಾತನ್ನೂ ಬಿಡದೆ. ಸಿಂಧು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿದಳು. ಆಮೇಲೆ "ಎಷ್ಟ ಗಂಟೇಕ ಹೊರಡಬೇಕು?" ಎಂದಷ್ಟೇ ಕೇಳಿದಳು.

ಸೋಮವಾರ ಆಸ್ಪತ್ರೆಯಲ್ಲಿ ಸಿಂಧು ನನ್ನನ್ನು ಮುಂಜಾನೆಯಿಂದ ಸಂಜೆಯವರೆಗೆ ತೆಗೆಯಲಿಲ್ಲ. ಆಪರೇಷನ್ ಕೋಣೆಯ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ಮರುದಿನ ಪಟ್ಟಿ ಬಿಚ್ಚಿದರು. ಸಿಂಧು ಅವಳ ಮುಖದ ಹತ್ತಿರ ಬಾಗಿದಳು.

"ಸಿಂಧೂ," ಎಂದಳು ಜುಬೇದಾ, "ನೀ ಇಷ್ಟ ಮುದುಕಿ ಆಗೀದಿ ಅಂತ ನನಗ ಗೊತ್ತಿದ್ದಿಲ್ಲ."

ಆಮೇಲೆ ಐದು ವರ್ಷ ಸಿಂಧುವಿನ ಕಿವಿಯಲ್ಲಿದ್ದೆ. ಮೂವರೂ ಸಿಕ್ಕ ಸಿಕ್ಕ ಕಾರ್ಯಕ್ರಮಗಳಿಗೆಲ್ಲ ಹೋದರು. ಸ್ವಾಗತ ಭಾಷಣಗಳು, ಸ್ವಾಗತ ಭಾಷಣಕ್ಕಿಂತ ಉದ್ದದ ವಂದನಾರ್ಪಣೆಗಳು, ಎಲ್ಲವನ್ನೂ ನಾನು ಅವಳಿಗೆ ದಾಟಿಸಿದೆ. ನನ್ನ ತಿರಸ್ಕಾರ ಕಡಿಮೆಯಾಗಲಿಲ್ಲ. ಬೆವರು ಇಳಿದು ನನ್ನೊಳಗೆ ತುಕ್ಕು ಹಿಡಿಯಿತು, ಧ್ವನಿ ಗೊರಗೊರ ಆಯಿತು. ಸಿಂಧು ಹೊಸ ಯಂತ್ರ ತಂದಳು. ಕಪಾಟಿನ ಖಾನೆಯಲ್ಲಿ ಒಂದು ಮೂಲೆ ನನಗೆ ಸಿಕ್ಕಿದೆ. ಬ್ಯಾಟರಿ ತೆಗೆದಿದ್ದಾರೆ. ಈಗ ಏನೂ ಕೇಳಿಸುವುದಿಲ್ಲ.

ಈ ಮೌನದಲ್ಲಿ ಒಂದು ವಿಷಯ ಮತ್ತೆ ಮತ್ತೆ ನೆನಪಾಗುತ್ತದೆ. ಆಟೋದಲ್ಲಿ ಜುಬೇದಾ ಆಡಿದ ಮಾತು ಪೂರ್ತಿಯಾಗಿ ಕೇಳಿಸಿದ್ದು ನನಗೊಂದಕ್ಕೇ. ಒಂದಕ್ಷರವೂ ತಪ್ಪಿರಲಿಲ್ಲ. ಸಿಂಧುವಿನ ಉತ್ತರ ಬಂದಾಗ, ಪರ್ಸಿನೊಳಗೆ, ನನಗೆ ಖುಷಿಯಾಗಿತ್ತು. ಇವಳು ಎಂಥ ಮೂರ್ಖಳು ನೋಡು ಎಂದು ಖುಷಿ. ಪಕ್ಕದಲ್ಲಿ ಒಬ್ಬಳು ಅಂಜಿ ಕೂತಿದ್ದಾಳೆ ಎಂಬುದು ನನ್ನ ಮನಸ್ಸಿಗೆ ಬರಲೇ ಇಲ್ಲ. ಅವತ್ತು ಆ ಆಟೋದಲ್ಲಿ ಕಿವುಡಾಗಿದ್ದದ್ದು ಸಿಂಧು ಒಬ್ಬಳೇ ಅಲ್ಲ.