ಅಪ್ಪನಿಗಿಂತ ಮೊದಲು ತಲುಪಿದವಳು

ಎಲ್ಲಿಂದ ಶುರು ಮಾಡಲಿ? ಖೊರೋಗ್‌ನ ಪುಟ್ಟ ವಿಮಾನ ನಿಲ್ದಾಣದಿಂದಲೋ, ರಾಜಧಾನಿ ದುಶಾಂಬೆಯ ಆಸ್ಪತ್ರೆಯ ಬಾಗಿಲಿನಿಂದಲೋ? ಎರಡರ ನಡುವೆ ಆಕಾಶದಲ್ಲಿ ಒಂದು ಗಂಟೆಯೂ ಇಲ್ಲ. ನೆಲದಲ್ಲಿ, ಪಂಜ್ ನದಿಯ ಪಕ್ಕದ ದಾರಿ ಹಿಡಿದರೆ, ದೂರ ಎರಡರಷ್ಟು, ಮೈಮೂಳೆಗೆ ಹತ್ತರಷ್ಟು.

(ಈ ವಾಕ್ಯ ನನಗೆ ಬಹಳ ಹಿಡಿಸಿತು. ಈ ಕಥೆಯ ನಾಯಕಿ ಸವ್ಸನ್‌ಗೆ ಹಿಡಿಸಲಿಲ್ಲ. "ಅಲ್ಲಿ ಅಪ್ಪ ಎದೆ ಹಿಡ್ಕೊಂಡು ಕೂತಿದಾರೆ, ನಿಮಗೆ ಮಾತಿನ ಚಮತ್ಕಾರ ಬೇಕಾ?" ಎಂದಳು. ಸರಿ, ನೇರವಾಗಿ ಹೇಳುತ್ತೇನೆ.)

1

ಸವ್ಸನ್‌ಳ ಅಪ್ಪ ಯೊರ್‌ಬೆಕ್‌ಗೆ ಎದೆನೋವು. ಕೂಡಲೇ ದುಶಾಂಬೆಗೆ ಒಯ್ಯಿರಿ ಎಂದರು ಖೊರೋಗ್‌ನ ವೈದ್ಯರು. ಬೆಟ್ಟದ ಮೇಲೆ ಮೋಡ ಕವಿದಿತ್ತು, ಮೋಡವಿದ್ದರೆ ವಿಮಾನವಿಲ್ಲ.

"ಬೆಳಗ್ಗೆವರೆಗೂ ನೋಡೋಣ ಅಕ್ಕಾ," ಎಂದ ತಮ್ಮ ನಜರ್‌ಶೊ.

"ಮೋಡ ಏನು ನಿನ್ನ ಮಾತು ಕೇಳುತ್ತಾ? ಹತ್ತಿಸು ಜೀಪಿಗೆ."

ಬಾಡಿಗೆ ಜೀಪಿನಲ್ಲಿ ಇನ್ನಿಬ್ಬರಿಗೇ ಜಾಗವಿತ್ತು. ಸಂಜೆ ಅಪ್ಪ, ಮಗ ಹೊರಟರು. ಬೆಳಗ್ಗೆ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು.

2

ಇಲ್ಲೊಂದು ಕರಡನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಅವಳು ವಿಮಾನ ಹತ್ತುವುದಿಲ್ಲ. ("ಸುಳ್ಳು! ಹತ್ತದೇ ಇರ್ತೀನಾ?") ಹತ್ತಿದಳು. ಕುಲುಕಾಟಕ್ಕೆ ಹೆದರಿ ಪ್ರಾರ್ಥನೆಗೆ ತೊಡಗಿದಳು. ಅದು ಮುಗಿಯುವಷ್ಟರಲ್ಲಿ ಚಕ್ರ ನೆಲ ಮುಟ್ಟಿತ್ತು.

"ಇಷ್ಟೇನಾ?" ಎಂದು ಪಕ್ಕದ ಮುದುಕಿಯನ್ನು ಕೇಳಿದಳು.

"ಇಷ್ಟೇ ಕಣಮ್ಮಾ."

ಯಾರೋ ಕೆನ್ನೆಗೆ ಬಾರಿಸಿದ ಹಾಗಾಯಿತು. ಬೆಳಗ್ಗೆವರೆಗೆ ಕಾದಿದ್ದರೆ ಅಪ್ಪನೂ ಇದರಲ್ಲೇ ಬರುತ್ತಿದ್ದ.

3

"ಯೊರ್‌ಬೆಕ್? ಆ ಹೆಸರಿನವರು ಯಾರೂ ಬಂದಿಲ್ವಲ್ಲ," ಎಂದಳು ಆಸ್ಪತ್ರೆಯ ನರ್ಸ್.

"ನಿನ್ನೆ ಸಂಜೆನೇ ಹೊರಟಿದಾರೆ!"

"ನೀವು?"

"ನಾನು... ಈಗ ಬೆಳಗ್ಗೆ."

ನರ್ಸ್ ಅವಳ ಮುಖ ನೋಡಿ, ಕುರ್ಚಿ ಎಳೆದು ಕೊಟ್ಟಳು. ಯಾರೋ ದಾರಿಯಲ್ಲಿ ಬಂಡೆ ಉರುಳಿದೆ ಎಂದರು. ತಮ್ಮನ ಫೋನ್ ಸಿಗಲಿಲ್ಲ. ಮಧ್ಯಾಹ್ನ ಕಳೆಯಿತು.

ಈಗ ಮುಕ್ತಾಯಗಳು. ಒಂದರಲ್ಲಿ ಜೀಪಿನಿಂದ ನಜರ್‌ಶೊ ಒಬ್ಬನೇ ಇಳಿಯುತ್ತಾನೆ. (ಓದುಗರೇ, ನಿಮಗೂ ಇದೇ ಹೊಳೆದಿತ್ತಲ್ಲವೇ?) ಸವ್ಸನ್ ನನ್ನ ಪೆನ್ನು ಕಿತ್ತುಕೊಂಡಳು. "ಜೀಪಿಗೆ ಹತ್ತಿಸಿದ್ದು ನಾನು. ಸಾಯಿಸೋದೇ ಆದ್ರೆ ನನ್ನ ಕೈಯಲ್ಲೇ ಯಾಕೆ ಸಾಯಿಸ್ತೀರಿ?"

ಆ ಹಾಳೆಯನ್ನೂ ಹರಿದು ಹಾಕಿದೆ. ಇನ್ನು ನಡೆದದ್ದನ್ನೇ ಹೇಳುತ್ತೇನೆ.

ಜೀಪು ಬಂತು. ತಮ್ಮನ ಹೆಗಲಿಗೆ ಒರಗಿ ಅಪ್ಪ ಇಳಿದ. ಧೂಳು ಮೆತ್ತಿದ ಹುಬ್ಬು, ಬೂದಿಯಂಥ ಮುಖ, ಆದರೆ ಉಸಿರಿದೆ. ಮಗಳನ್ನು ಕಂಡು ಅವನು ನಿಂತಲ್ಲೇ ನಿಂತ.

"ನೀನು ಊರಲ್ಲಿರ್ಬೇಕಲ್ಲವೇನೇ?"

"ಪ್ಲೇನ್ ಬಂತು, ಅಪ್ಪಾ."

ಜೀವಮಾನವಿಡೀ ಅದೇ ದಾರಿಯಲ್ಲಿ ಲಾರಿ ಓಡಿಸಿದವನು ಅವನು. ಜೀಪಿಗೆ ಹತ್ತಿಸಿದ್ದಕ್ಕೆ ಬೈಯುತ್ತಾನೆಂದು ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿದರು. ಅವಳ ತೋಳು ಹಿಡಿದು ಕೇಳಿದ:

"ಮೇಲಿಂದ ನಾವು ಕಂಡ್ವಾ?"

"ಕಂಡ್ರಿ ಅಪ್ಪಾ," ಎಂದು ಸುಳ್ಳು ಹೇಳಿದಳು. "ಧೂಳೆಬ್ಬಿಸ್ಕೊಂಡು ಬರ್ತಿದ್ರಿ."

"ಮತ್ತೆ ಒಂದು ಕೂಗು ಹಾಕೋದಲ್ವಾ, ಹುಚ್ಚೀ!"

ಅವನನ್ನು ಒಳಗೆ ಒಯ್ದರು, ಬಾಗಿಲು ಮುಚ್ಚಿತು.

ಒಳಗೇನಾಯಿತು? ನನಗೆ ಗೊತ್ತು. ಸವ್ಸನ್ ಇನ್ನೂ ಹೊರಗೆ ನಿಂತಿದ್ದಾಳೆ. ಅವಳಿಗೆ ತಿಳಿಯುವ ಮೊದಲು ನಿಮಗೆ ಹೇಳಲಾರೆ.